ಮಕ್ಕಳ ಲೈಬ್ರರಿ ಸೇವೆಯ ವಿಮರ್ಶೆ: ಕಥೆ ಕೇಳಿದ ಮಗು ಪುಸ್ತಕ ಹಿಡಿದು ಹೊರಟಿತೇ?

ಸಾರ್ವಜನಿಕ ಗ್ರಂಥಾಲಯದ ಮಕ್ಕಳ ವಿಭಾಗದಲ್ಲಿ ಎರಡು ಬಗೆಯ ಸೇವೆ ಸಿಗುತ್ತದೆ. ಕಥೆ ಹೇಳುವುದು, ಹಾಡಿಸುವುದು, ಕರಕುಶಲ, ರಜೆಯ ಓದು ಮೊದಲಾದ ಕಾರ್ಯಕ್ರಮಗಳು ಒಂದು ಬಗೆ. ಯಾವ ಮಗುವಿಗೆ ಯಾವ ಪುಸ್ತಕ ಹಿಡಿಸೀತು ಎಂದು ಹುಡುಕಿ ಕೊಡುವುದು ಇನ್ನೊಂದು. ಮೊದಲನೆಯದಕ್ಕೆ ಪೋಸ್ಟರ್ ಅಂಟಿಸುತ್ತಾರೆ, ಫೋಟೊ ತೆಗೆಯುತ್ತಾರೆ. ಎರಡನೆಯದು ಕಪಾಟಿನ ಪಕ್ಕ ನಾಲ್ಕೈದು ನಿಮಿಷದಲ್ಲಿ ಮುಗಿಯುವ ಮಾತುಕತೆ. ಅದರ ಲೆಕ್ಕ ಇಡುವವರು ಕಡಿಮೆ. ನಮ್ಮ ತೀರ್ಪನ್ನು ಮೊದಲೇ ಹೇಳುತ್ತೇವೆ: ಕಾರ್ಯಕ್ರಮ ಎಷ್ಟೇ ಚೆನ್ನಾಗಿದ್ದರೂ ಅದು ಮುಗಿದ ಹತ್ತು ನಿಮಿಷದೊಳಗೆ ಮಕ್ಕಳ ಕೈಗೆ ಪುಸ್ತಕ ಬರದಿದ್ದರೆ ಆ ಗ್ರಂಥಾಲಯಕ್ಕೆ ಅರ್ಧ ಅಂಕ ಮಾತ್ರ. ಗ್ರಂಥಾಲಯ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಐಎಫ್‌ಎಲ್‌ಎ ಮತ್ತು ಯುನೆಸ್ಕೊ 1994ರಲ್ಲಿ ಹೊರಡಿಸಿದ ಸಾರ್ವಜನಿಕ ಗ್ರಂಥಾಲಯ ಪ್ರಣಾಳಿಕೆಯು ಗ್ರಂಥಾಲಯದ ಹನ್ನೆರಡು ಮುಖ್ಯ ಕೆಲಸಗಳನ್ನು ಪಟ್ಟಿ ಮಾಡಿತು. ಎಳವೆಯಿಂದಲೇ ಮಕ್ಕಳಲ್ಲಿ ಓದುವ ರೂಢಿ ಬೆಳೆಸುವುದು ಅದರಲ್ಲಿ ಮೊದಲನೆಯದು. ಅಲ್ಲಿರುವುದು ಓದಿನ ಮಾತು. ಎಷ್ಟು ಜನ ಸೇರಿದರು ಎಂಬ ಮಾತು ಅಲ್ಲಿಲ್ಲ.

ಕಥೆಯ ಹೊತ್ತು

ಕಥೆಯ ಅವಧಿ ಕೆಡುವುದಕ್ಕೆ ಮೊದಲ ಕಾರಣ ವಯಸ್ಸಿನ ಕಲಸುಮೇಲೋಗರ. ಎಂಟು ತಿಂಗಳ ಕೂಸು, ಮೂರು ವರ್ಷದ ಮಗು, ಏಳು ವರ್ಷದ ಹುಡುಗ ಒಂದೇ ಜಮಖಾನೆಯ ಮೇಲೆ ಕೂತರೆ ಮೂವರಲ್ಲಿ ಒಬ್ಬರಿಗೂ ಕಥೆ ದಕ್ಕುವುದಿಲ್ಲ. ಒಂದೂವರೆ ವರ್ಷದ ಒಳಗಿನ ಕೂಸುಗಳಿಗೆ ದೊಡ್ಡವರ ತೊಡೆಯ ಮೇಲೆ ಹದಿನೈದು-ಇಪ್ಪತ್ತು ನಿಮಿಷ ಸಾಕು. ಅಲ್ಲಿ ಪುಸ್ತಕ ಒಂದೇ, ಉಳಿದದ್ದೆಲ್ಲ ಲಾಲಿ, ಬೆರಳಾಟ, ತಟ್ಟುವ ಪದ್ಯ. ಒಂದೂವರೆಯಿಂದ ಮೂರು ವರ್ಷದವರು ಎದ್ದು ಓಡಾಡುತ್ತಾರೆ; ಓಡಾಡಲಿ, ಕಿವಿ ಇಲ್ಲೇ ಇರುತ್ತದೆ. ಮೂರರಿಂದ ಐದು ವರ್ಷದವರು ಅರ್ಧ ಗಂಟೆ ಕೂರಬಲ್ಲರು. ವಯಸ್ಸಿಗೆ ತಕ್ಕಂತೆ ಅವಧಿ ಬೇರೆ ಮಾಡಲು ಸಿಬ್ಬಂದಿ ಸಾಲದಿದ್ದರೆ ವಾರ ಬಿಟ್ಟು ವಾರ ಮಾಡಬಹುದು. ಎಲ್ಲರನ್ನೂ ಒಂದೇ ಕಡೆ ಕೂರಿಸುವುದಕ್ಕಿಂತ ಅದೇ ಮೇಲು.

ಒಳ್ಳೆಯ ಅವಧಿಗೆ ಒಂದು ಕ್ರಮ ಇರುತ್ತದೆ. ಪ್ರತಿ ವಾರ ಅದೇ ಹಾಡಿನಿಂದ ಶುರು. ಮಕ್ಕಳ ಗಮನ ಇನ್ನೂ ಚದುರದಿರುವಾಗಲೇ ಎಲ್ಲಕ್ಕಿಂತ ಉದ್ದದ ಪುಸ್ತಕ. ಆಮೇಲೆ ಎದ್ದು ಕುಣಿಯುವ ಪದ್ಯ, ನಡುವೆ ಮಕ್ಕಳೂ ಜೊತೆಗೂಡಿ ಹೇಳುವಂತೆ ಒಂದೇ ಸಾಲು ಮರುಕಳಿಸುವ ಸಣ್ಣ ಕಥೆ, ಕೊನೆಗೆ ಮತ್ತೆ ಅದೇ ಬೀಳ್ಕೊಡುವ ಹಾಡು. ಅರ್ಧ ಗಂಟೆಗೆ ಎರಡು ಅಥವಾ ಮೂರು ಪುಸ್ತಕ ಧಾರಾಳ. ಐದು ಪುಸ್ತಕ ಓದುತ್ತೇವೆ ಎಂದು ಹೊರಟವರು ಓಡೋಡಿ ಓದುತ್ತಾರೆ, ಚಿತ್ರ ನೋಡಲು ಬಿಡುವುದಿಲ್ಲ. ಪದ್ಯಗಳನ್ನು ಸಮಯ ತುಂಬಿಸುವ ಸಾಮಾನು ಎಂದು ಎಣಿಸಬಾರದು. ಹಾಡುವಾಗ ಮಾತು ನಿಧಾನವಾಗುತ್ತದೆ, ಪದ ಬಿಡಿಬಿಡಿಯಾಗಿ ಅಕ್ಷರ ಅಕ್ಷರವಾಗಿ ಕೇಳಿಸುತ್ತದೆ. ಮುಂದೆ ಓದು ಕಲಿಯುವಾಗ ಮಗುವಿಗೆ ಬೇಕಾಗುವ ಧ್ವನಿಯ ಅರಿವು ಮೊಳೆಯುವುದು ಅಲ್ಲೇ.

ಪುಸ್ತಕದ ಅಳತೆಯನ್ನೂ ನೋಡಬೇಕು. ಕೊನೆಯ ಸಾಲಿನ ಮಗು ಮೂರು ಮೀಟರ್ ದೂರದಲ್ಲಿ ಕೂತಿದ್ದರೆ ಅಂಗೈಯಗಲದ ಪುಸ್ತಕದ ಚಿತ್ರ ಅದಕ್ಕೆ ಬಣ್ಣದ ಚುಕ್ಕೆಯಷ್ಟೇ. ಓದುವವರು ಪುಸ್ತಕವನ್ನು ಭುಜದ ಪಕ್ಕಕ್ಕೆ ಹಿಡಿದು, ಪುಟ ಮಕ್ಕಳತ್ತ ತೆರೆದೇ ಇಟ್ಟು, ವಾರೆಗಣ್ಣಿನಲ್ಲಿ ಓದಬೇಕು. ಹಾಗಾಗಬೇಕಾದರೆ ಮೊದಲೇ ಎರಡು ಸಲ ಗಟ್ಟಿಯಾಗಿ ಓದಿಕೊಂಡಿರಬೇಕು. ಓದಿ, ಪುಸ್ತಕ ತಿರುಗಿಸಿ ತೋರಿಸಿ, ಮತ್ತೆ ತನ್ನತ್ತ ತಿರುಗಿಸಿಕೊಳ್ಳುವವರು ತಯಾರಿ ಇಲ್ಲದೆ ಬಂದಿದ್ದಾರೆ ಎಂದು ತಿಳಿಯಿರಿ. ಮಕ್ಕಳ ಸಂಖ್ಯೆ ಇಪ್ಪತ್ತು ದಾಟಿದರೆ ಹಿಂದಿನ ಸಾಲು ಕೈತಪ್ಪುತ್ತದೆ. ಆಗ ಮೈಕು ಹಾಕಿಸುವ ಬದಲು ಇನ್ನೊಂದು ಅವಧಿ ಇಡುವುದು ಸರಿಯಾದ ದಾರಿ.

ಅಪ್ಪ ಅಮ್ಮಂದಿರು ಗೋಡೆಗೆ ಒರಗಿ ಫೋನು ನೋಡುತ್ತ ಕೂರುವ ಅವಧಿಗೆ ನಾವು ಅಂಕ ಕಡಿತ ಮಾಡುತ್ತೇವೆ. ತಪ್ಪು ಅವರದಲ್ಲ, ಅವರಿಗೆ ಕೆಲಸ ಕೊಡದ ಗ್ರಂಥಾಲಯದ್ದು. ಅಮೆರಿಕದ ಗ್ರಂಥಾಲಯ ಸಂಘದ ಎರಡು ವಿಭಾಗಗಳು 2004ರಲ್ಲಿ ಶುರು ಮಾಡಿದ ‘ಎವೆರಿ ಚೈಲ್ಡ್ ರೆಡಿ ಟು ರೀಡ್’ (ಪ್ರತಿ ಮಗುವೂ ಓದಿಗೆ ಸಿದ್ಧ) ಯೋಜನೆ ನೇರವಾಗಿ ಹೆತ್ತವರನ್ನೇ ಉದ್ದೇಶಿಸಿದ್ದು. 2011ರ ಎರಡನೆಯ ಆವೃತ್ತಿಯಲ್ಲಿ ಅದನ್ನು ಮಾತಾಡು, ಹಾಡು, ಓದು, ಬರೆ, ಆಡು ಎಂಬ ಐದು ಕೆಲಸಗಳಿಗೆ ಇಳಿಸಿದರು. ವಾರಕ್ಕೆ ಅರ್ಧ ಗಂಟೆ ಲೈಬ್ರರಿಯಲ್ಲಿ ಕೇಳಿದ್ದು ಎಷ್ಟು ತಾನೇ ಸಾಕಾದೀತು? ಉಳಿದ ಆರು ದಿನ ಮನೆಯವರದ್ದೇ. ಆದ್ದರಿಂದ ಪ್ರತಿ ಅವಧಿಯಲ್ಲೂ ದೊಡ್ಡವರಿಗೆ ಒಂದೇ ಒಂದು ಕಿವಿಮಾತು ಬೇಕು. ಉದಾಹರಣೆಗೆ: ಪುಟ ತಿರುಗಿಸುವ ಮೊದಲು ‘ಈಗ ಏನಾಗುತ್ತೆ?’ ಎಂದು ಕೇಳಿ, ಐದು ಎಣಿಸುವಷ್ಟು ಹೊತ್ತು ಸುಮ್ಮನಿರಿ. ಮಗು ‘ನಾಯಿ’ ಎಂದರೆ ‘ಹೌದು, ಮಳೇಲಿ ನೆಂದ ನಾಯಿ’ ಎಂದು ಒಂದು ಹೆಜ್ಜೆ ಮುಂದೆ ಹೇಳಿ. ಮಗುವನ್ನೇ ಮಾತಾಡಿಸುತ್ತ ಓದುವ ಈ ಕ್ರಮದ ಬಗ್ಗೆ ಅಮೆರಿಕದ ಮನಶ್ಶಾಸ್ತ್ರಜ್ಞ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ತಿಂಗಳು ಮನೆಯಲ್ಲಿ ಹೀಗೆ ಓದಿಸಿಕೊಂಡ ಪುಟ್ಟ ಮಕ್ಕಳ ಮಾತು ಉಳಿದವರಿಗಿಂತ ಮುಂದೆ ಹೋಗಿತ್ತು. ಇದಕ್ಕೆ ಖರ್ಚಿಲ್ಲ, ಸಲಕರಣೆಯೂ ಬೇಡ.

ಶಾಲೆಗೆ ಹೋಗುವ ಮಕ್ಕಳಿಗೆ

ಆರು ವರ್ಷ ದಾಟುತ್ತಿದ್ದಂತೆ ಕಥೆ ನಿಂತು ಅಂಟು, ಕತ್ತರಿ, ಬಣ್ಣದ ಕಾಗದ ಶುರುವಾಗುತ್ತದೆ. ಬಹುತೇಕ ಗ್ರಂಥಾಲಯಗಳ ದೊಡ್ಡ ಕೊರತೆ ಇದು. ಮಗು ತಾನೇ ಓದಲು ಕಲಿತ ಮೇಲೂ ಅದಕ್ಕೆ ಅರ್ಥವಾಗುವ ಕಥೆ ಅದು ಓದಬಲ್ಲ ಕಥೆಗಿಂತ ಎಷ್ಟೋ ಮುಂದಿರುತ್ತದೆ. ಈ ಅಂತರ ಹಲವು ವರ್ಷ ಉಳಿಯುತ್ತದೆ. ಆರರಿಂದ ಒಂಬತ್ತು ವರ್ಷದವರಿಗೆ ಒಂದು ಕಾದಂಬರಿಯನ್ನು ವಾರಕ್ಕೆ ಇಪ್ಪತ್ತು ನಿಮಿಷದಂತೆ ಗಟ್ಟಿಯಾಗಿ ಓದಿ, ಕುತೂಹಲದ ಜಾಗದಲ್ಲಿ ನಿಲ್ಲಿಸುವ ಕಾರ್ಯಕ್ರಮ ಸಿಕ್ಕರೆ ಬಿಡಬೇಡಿ. ಆ ಪುಸ್ತಕದ ಮೂರ್ನಾಲ್ಕು ಪ್ರತಿ ಎರವಲಿಗೂ ಇಟ್ಟಿರಬೇಕು. ಮುಂದೇನಾಯಿತು ಎಂದು ತಾಳಲಾರದೆ ಮನೆಗೆ ಒಯ್ದು ಓದುವ ಮಕ್ಕಳು ಇದ್ದೇ ಇರುತ್ತಾರೆ.

ಕರಕುಶಲ ಬೇಡವೆಂದಲ್ಲ. ಮುಖವಾಡ ಮಾಡಿಸುವ ಮೇಜಿನ ಪಕ್ಕದಲ್ಲೇ ಮುಖವಾಡ, ನಾಟಕ, ಕಾಡುಪ್ರಾಣಿಗಳ ಪುಸ್ತಕ ಇವೆಯೇ ಎಂಬುದು ಪ್ರಶ್ನೆ. ಲೆಕ್ಕ ಸರಳ: ಇಪ್ಪತ್ತು ಮಕ್ಕಳು ಬಂದರೆ ನಲವತ್ತು ಪುಸ್ತಕ, ಹೊರಹೋಗುವ ಬಾಗಿಲ ಬಳಿ, ಮುಖಪುಟ ಎದುರಿಗೆ ಕಾಣುವಂತೆ. ಪ್ರತಿ ಮಗುವಿಗೆ ಎರಡು ಆಯ್ಕೆಯಾದರೂ ಸಿಗುತ್ತದೆ, ಕೊನೆಯಲ್ಲಿ ಬಂದವರಿಗೂ ಏನಾದರೂ ಉಳಿದಿರುತ್ತದೆ. ಇದು ಕೆಡುವುದು ಮೂರು ಕಡೆ. ಕಾರ್ಯಕ್ರಮ ಮಹಡಿಯ ಸಭಾಂಗಣದಲ್ಲಿ, ಪುಸ್ತಕ ಕೆಳಗೆ. ಕಾರ್ಯಕ್ರಮ ಮುಗಿಯುವ ಹೊತ್ತಿಗೆ ಎರವಲು ಕೌಂಟರ್ ಮುಚ್ಚಿರುತ್ತದೆ. ಅಥವಾ ಅದೇ ದಿನ ಸದಸ್ಯತ್ವ ಮಾಡಿಕೊಡುವುದಿಲ್ಲ, ಕಾರ್ಡಿಗೆ ಇನ್ನೊಂದು ದಿನ ಬರಬೇಕು. ಮೂರಕ್ಕೂ ದುಡ್ಡು ಬೇಕಿಲ್ಲ, ವೇಳಾಪಟ್ಟಿ ತಿದ್ದಿದರೆ ಸಾಕು. ಹೀಗಿದ್ದೂ ತಿದ್ದದ ಗ್ರಂಥಾಲಯವನ್ನು ಕಂಡಾಗ ಬೇಸರವಾಗುತ್ತದೆ.

ಎಡವುತ್ತ ಓದುವ ಮಕ್ಕಳಿಗಾಗಿ ನಾಯಿಯ ಮುಂದೆ ಓದಿಸುವ ಕಾರ್ಯಕ್ರಮ ಹಲವು ದೇಶಗಳಲ್ಲಿದೆ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ 1999ರಲ್ಲಿ ಇದು ವ್ಯವಸ್ಥಿತವಾಗಿ ಆರಂಭವಾಯಿತು. ಒಂದು ಮಗು, ತರಬೇತಾದ ಒಂದು ನಾಯಿ, ಹದಿನೈದು ನಿಮಿಷ. ನಾಯಿ ತಪ್ಪು ತಿದ್ದುವುದಿಲ್ಲ, ಅವಸರಪಡಿಸುವುದಿಲ್ಲ, ಗುಟ್ಟು ಅಷ್ಟೇ. ಅಲರ್ಜಿ, ಹೆದರಿಕೆ ಇರುವ ಮಕ್ಕಳಿಗೆ ಒಗ್ಗದು. ಎಂಟು ವರ್ಷದ ಮಗು ನಾಲ್ಕು ವರ್ಷದ ಮಗುವಿಗೆ ಓದಿ ಹೇಳುವ ಏರ್ಪಾಡಿನಲ್ಲೂ ಈ ಗುಣವೇ ಇದೆ, ಏರ್ಪಾಡು ಇನ್ನೂ ಸುಲಭ.

ಓದುಗರ ಬಳಗಕ್ಕೆ ಎಂಟರಿಂದ ಹನ್ನೆರಡು ಮಕ್ಕಳು ಸರಿ. ಎಲ್ಲರೂ ಒಂದೇ ಪುಸ್ತಕ ಓದಿ ಬರಬೇಕು ಎಂದರೆ ಪ್ರತಿಗಳು ಸಾಲುವುದಿಲ್ಲ, ಅರ್ಧ ಜನ ಓದದೇ ಬಂದು ಬಾಯಿ ಮುಚ್ಚಿ ಕೂರುತ್ತಾರೆ. ‘ಮನೆ ಬಿಟ್ಟು ಹೊರಟವರ ಕಥೆ’ ಎಂಬಂಥ ಒಂದು ವಸ್ತು ಕೊಟ್ಟು, ಒಬ್ಬೊಬ್ಬರು ತಮ್ಮ ತಮ್ಮ ಮಟ್ಟದ ಬೇರೆ ಬೇರೆ ಪುಸ್ತಕ ಓದಿ ಬಂದರೆ ಮಾತು ತಾನಾಗಿ ಏಳುತ್ತದೆ. ಕಾಮಿಕ್ಸ್ ಓದಿದವರನ್ನೂ ಅಲ್ಲಿ ಓದಿದವರೆಂದೇ ಎಣಿಸಬೇಕು.

ರಜೆಯ ಓದಿನ ಸ್ಪರ್ಧೆಗಳ ಬಗ್ಗೆ ಸ್ವಲ್ಪ ನಿಧಾನಿಸಿ ಹೇಳಬೇಕು. ಎಷ್ಟು ಪುಸ್ತಕ ಓದಿದೆ ಎಂದು ಎಣಿಸಿದರೆ ಮಕ್ಕಳು ಎಲ್ಲಕ್ಕಿಂತ ತೆಳ್ಳಗಿನ ಪುಸ್ತಕ ಆರಿಸುತ್ತಾರೆ. ಪುಟ ಎಣಿಸಿದರೆ ನಿಧಾನವಾಗಿ ಓದುವ ಮಗು ಮೊದಲ ವಾರದಲ್ಲೇ ಹಿಂದೆ ಬಿದ್ದು ಕೈಬಿಡುತ್ತದೆ. ದಿನಕ್ಕೆ ಇಷ್ಟು ನಿಮಿಷ ಎಂಬ ಲೆಕ್ಕ ಇದ್ದುದರಲ್ಲಿ ನ್ಯಾಯವಾದದ್ದು. ಇನ್ನೊಬ್ಬರಿಂದ ಓದಿಸಿಕೊಂಡದ್ದು, ಆಡಿಯೊ ಪುಸ್ತಕ ಕೇಳಿದ್ದು ಎಲ್ಲವೂ ಅದರೊಳಗೆ ಬರಬೇಕು. ಬ್ರಿಟನ್ನಿನ ಗ್ರಂಥಾಲಯಗಳು 1999ರಿಂದ ನಡೆಸುತ್ತಿರುವ ಬೇಸಿಗೆ ಓದಿನ ಕಾರ್ಯಕ್ರಮದ ಗುರಿ ಸಾಮಾನ್ಯವಾಗಿ ಆರು ಪುಸ್ತಕ. ಯಾವುದನ್ನು ಓದಬೇಕೆಂಬುದು ಮಗುವಿನ ಆಯ್ಕೆ. ಮುಟ್ಟಬಹುದಾದ ಗುರಿ, ಸ್ವಂತ ಆಯ್ಕೆ ಎರಡೂ ಕೂಡಿದ್ದರಿಂದ ಈ ಮಾದರಿಯನ್ನು ನಾವು ಮೆಚ್ಚುತ್ತೇವೆ. ಬಹುಮಾನದ ವಿಚಾರದಲ್ಲಿ ಎಚ್ಚರಿಕೆ ಬೇಕು. ಮನಶ್ಶಾಸ್ತ್ರಜ್ಞರಾದ ಲೆಪ್ಪರ್, ಗ್ರೀನ್, ನಿಸ್ಬೆಟ್ 1973ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಚಿತ್ರ ಬಿಡಿಸುವುದೆಂದರೆ ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಿಗೆ ಬಹುಮಾನ ಕೊಡುತ್ತೇವೆಂದು ಮೊದಲೇ ಆಸೆ ತೋರಿಸಿದಾಗ, ಕೆಲ ದಿನಗಳ ಮೇಲೆ ಆ ಮಕ್ಕಳು ತಾವಾಗಿ ಚಿತ್ರ ಬಿಡಿಸುವುದು ಕಡಿಮೆಯಾಗಿತ್ತು. ಹೇಳದೆ ಕೊಟ್ಟ ಬಹುಮಾನದಿಂದ ಹಾಗಾಗಲಿಲ್ಲ. ಓದಿದ್ದಕ್ಕೆ ಬಹುಮಾನ ಕೊಡಲೇಬೇಕೆಂದಿದ್ದರೆ ಇನ್ನೊಂದು ಪುಸ್ತಕ ಕೊಡಿ, ಅದೂ ಮೊದಲೇ ಸಾರದೆ.

ಹದಿಹರೆಯದವರ ಬಗ್ಗೆ ಒಂದೇ ಮಾತು: ಗಿಡ್ಡ ಕುರ್ಚಿಗಳ ಕೋಣೆಗೆ ಹದಿಮೂರು ವರ್ಷದವರು ಕಾಲಿಡುವುದಿಲ್ಲ. ಅವರಿಗೆ ಬೇರೆ ಮೂಲೆ, ಬೇರೆ ಹೊತ್ತು ಬೇಕು.

ಯಾವ ಪುಸ್ತಕ ಕೊಡಲಿ?

‘5ರಿಂದ 7 ವರ್ಷ’, ‘8ರಿಂದ 10 ವರ್ಷ’ ಎಂದು ಅಚ್ಚು ಹಾಕಿಸಿದ ಶಿಫಾರಸು ಪಟ್ಟಿ ಬಹಳಷ್ಟು ಕಡೆ ಸಿಗುತ್ತದೆ. ಹೆತ್ತವರು ಅದನ್ನು ಹಿಡಿದು ಬಂದು ಕೇಳಿದರೆ ಅರ್ಧಕ್ಕರ್ಧ ಪುಸ್ತಕ ಹೊರಗೆ ಹೋಗಿರುತ್ತವೆ, ಕೆಲವು ಆ ಶಾಖೆಯಲ್ಲೇ ಇರುವುದಿಲ್ಲ. ಕಪಾಟಿನಲ್ಲಿ ಇಲ್ಲದ ಪುಸ್ತಕಗಳ ಪಟ್ಟಿ ಮಗುವಿಗೆ ನಿರಾಸೆಯನ್ನಷ್ಟೇ ಕೊಡುತ್ತದೆ. ಮೂರು ತಿಂಗಳಿಗೊಮ್ಮೆ ಬದಲಾಗುವ, ಪ್ರತಿ ಹೆಸರಿನ ಮುಂದೆ ಕಪಾಟಿನ ಸಂಖ್ಯೆ ಇರುವ, ಹದಿನೈದು ಪುಸ್ತಕ ಮೀರದ ಪಟ್ಟಿ ಕೆಲಸಕ್ಕೆ ಬರುತ್ತದೆ. ನೂರು ಪುಸ್ತಕಗಳ ಪಟ್ಟಿಯನ್ನು ಯಾರೂ ಓದುವುದಿಲ್ಲ. ಪಟ್ಟಿಯ ಪುಸ್ತಕಗಳಲ್ಲಿ ಬರುವ ಮಕ್ಕಳೆಲ್ಲ ಒಂದೇ ಬಗೆಯ ಮನೆಯವರೇ ಎಂದೂ ನೋಡಿ: ಗಾಲಿಕುರ್ಚಿಯ ಮಗು, ಅಜ್ಜಿಯೊಬ್ಬಳೇ ಸಾಕುತ್ತಿರುವ ಮಗು, ಊರೂರು ತಿರುಗುವ ಕುಟುಂಬದ ಮಗು ಅಲ್ಲಿ ಇದ್ದಾರೆಯೇ?

ಓದಿನ ಮಟ್ಟವನ್ನು ಅಂಕಿಯಲ್ಲಿ ಹೇಳುವ ಪದ್ಧತಿಗಳೂ ಇವೆ. ಇಂಗ್ಲಿಷಿನಲ್ಲಿ ಬಳಕೆಯಲ್ಲಿರುವ ಲೆಕ್ಸೈಲ್ ಮುಖ್ಯವಾಗಿ ನೋಡುವುದು ವಾಕ್ಯದ ಉದ್ದ ಮತ್ತು ಪದಗಳು ಎಷ್ಟು ಬಳಕೆಯವು ಎಂಬುದನ್ನು. ಕಥೆಯೊಳಗೆ ಏನಿದೆ ಎಂದು ಅದು ನೋಡುವುದಿಲ್ಲ. ಚಿಕ್ಕ ವಾಕ್ಯಗಳಲ್ಲಿ ಬರೆದ ಯುದ್ಧದ ಕಾದಂಬರಿಯ ಅಂಕಿ ಕಡಿಮೆ ಬರಬಹುದು, ಹಾಗೆಂದು ಅದು ಎಂಟು ವರ್ಷದ ಮಗುವಿಗೆ ಅಲ್ಲ. ಒಂದೇ ಪದದೊಳಗೆ ಒಂದು ವಾಕ್ಯದಷ್ಟು ಅರ್ಥ ಹುದುಗಿಸುವ ಕನ್ನಡಕ್ಕೆ ಪದ ಎಣಿಸುವ ಈ ಅಳತೆಯನ್ನು ಹಾಗೇ ತರಲೂ ಆಗದು. ಕನ್ನಡದಲ್ಲಿ ಹೊಸದಾಗಿ ಓದುವ ಮಗುವಿಗೆ ಪುಸ್ತಕ ಆರಿಸುವಾಗ ಪುಟಕ್ಕೆ ಎಷ್ಟು ಒತ್ತಕ್ಷರ, ಎಷ್ಟು ಉದ್ದದ ಸಂಧಿಪದ, ಅಕ್ಷರದ ಗಾತ್ರ ಎಷ್ಟು, ಸಾಲುಗಳ ನಡುವೆ ಒತ್ತಕ್ಷರ ಇಳಿಬೀಳಲು ಜಾಗ ಇದೆಯೇ ಎಂದು ನೋಡಿ. ಸಾಲುಗಳು ಒತ್ತೊತ್ತಾಗಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ತಾಗಿ, ಓದಬಲ್ಲ ಮಗುವೂ ತಡವರಿಸುತ್ತದೆ.

ಐದು ಬೆರಳಿನ ಪರೀಕ್ಷೆ ಹಳೆಯದು, ಈಗಲೂ ಉಪಯುಕ್ತ. ನಡುವಿನ ಯಾವುದಾದರೂ ಪುಟ ತೆರೆದು ಮಗು ಓದಲಿ. ತಿಳಿಯದ ಪದಕ್ಕೊಂದು ಬೆರಳು. ಎರಡು ಮೂರು ಬೆರಳು ಎದ್ದರೆ ಸರಿಯಾದ ಪುಸ್ತಕ, ಐದಾದರೆ ಒಬ್ಬರೇ ಓದಲು ಕಷ್ಟ, ಜೊತೆಗೆ ಕೂತು ಓದಬಹುದು. ಪುಟಕ್ಕೆ ಇಪ್ಪತ್ತೇ ಪದ ಇರುವ ಚಿತ್ರಪುಸ್ತಕಕ್ಕೆ ಈ ಲೆಕ್ಕ ಹೊಂದುವುದಿಲ್ಲ. ಮತ್ತೆ, ಡೈನೊಸಾರ್ ಹುಚ್ಚಿರುವ ಮಗು ಏಳು ಬೆರಳೆತ್ತಿದರೂ ಆ ಪುಸ್ತಕವನ್ನು ಕಿತ್ತುಕೊಳ್ಳಬೇಡಿ. ಆಸೆ ಇದ್ದಲ್ಲಿ ಮಕ್ಕಳು ಬೆಟ್ಟ ಹತ್ತುತ್ತಾರೆ.

ಈ ಎಲ್ಲ ಅಳತೆಗಳಿಗಿಂತ ಮೇಲಿನದು ಲೈಬ್ರರಿಯನ್ ಮಗುವಿನ ಜೊತೆ ಆಡುವ ಮಾತು. ಭಾರತದ ಗ್ರಂಥಾಲಯ ತಜ್ಞ ಎಸ್. ಆರ್. ರಂಗನಾಥನ್ 1931ರಲ್ಲಿ ಮುಂದಿಟ್ಟ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ ಎಂಬ ಎರಡಿವೆ. ಅವು ನಿಜವಾಗುವುದು ಈ ಮಾತಿನಲ್ಲೇ. ಸೇವೆಯನ್ನು ಪರೀಕ್ಷಿಸಲು ಒಂದು ನಿಜವಾದ ಬೇಡಿಕೆ ಇಡಿ: ‘ಒಂಬತ್ತು ವರ್ಷ, ಯಂತ್ರಗಳೆಂದರೆ ಇಷ್ಟ, ಉದ್ದದ ಅಧ್ಯಾಯ ಕಂಡರೆ ಮುಚ್ಚಿಡುತ್ತಾನೆ.’ ‘ಆ ಕಡೆ ಮೂರನೇ ಕಪಾಟು’ ಎಂದು ಕೈ ತೋರಿಸಿದರೆ ಸೇವೆ ಇಲ್ಲ. ಬಲ್ಲವರು ನಿಮ್ಮನ್ನು ಬಿಟ್ಟು ಮಗುವಿನತ್ತ ತಿರುಗಿ, ಅದರ ಎತ್ತರಕ್ಕೆ ಬಗ್ಗಿ ಕೇಳುತ್ತಾರೆ: ‘ಇತ್ತೀಚೆಗೆ ನಿನಗೆ ತುಂಬ ಹಿಡಿಸಿದ್ದು ಯಾವುದಪ್ಪ? ಪುಸ್ತಕವೇ ಆಗಬೇಕಿಲ್ಲ, ಸಿನಿಮಾ, ಆಟ, ಏನಾದರೂ.’ ‘ಅದರಲ್ಲಿ ಯಾವ ಭಾಗ?’ ‘ಯಾವ ಪುಸ್ತಕ ಬೇಜಾರಾಯ್ತು?’ ಯಾವ ತರಗತಿ ಎಂಬುದು ಅವರ ಕೊನೆಯ ಪ್ರಶ್ನೆ. ಅಮೆರಿಕದ ಗ್ರಂಥಪಾಲಕಿ ಜಾಯ್ಸ್ ಸ್ಯಾರಿಕ್ಸ್ ವಯಸ್ಕ ಓದುಗರಿಗಾಗಿ ರೂಪಿಸಿದ ಕ್ರಮದಲ್ಲಿ ಪುಸ್ತಕದ ವಿಷಯಕ್ಕಿಂತ ಅದರ ಓಟ, ಪಾತ್ರ, ಕಥೆ ಸಾಗುವ ಬಗೆ, ಒಟ್ಟು ಭಾವಕ್ಕೆ ಒತ್ತು. ಮಕ್ಕಳಿಗೂ ಅದು ಚೆನ್ನಾಗಿ ಒಪ್ಪುತ್ತದೆ. ಕುದುರೆಯ ಕಥೆ ಮೆಚ್ಚಿದ ಮಗುವಿಗೆ ಬೇಕಾದದ್ದು ಇನ್ನೊಂದು ಕುದುರೆ ಆಗಿರದೆ, ಒಂಟಿ ಮಗುವಿಗೆ ಗೆಳೆತನ ಸಿಗುವ ಇನ್ನೊಂದು ಕಥೆ ಆಗಿರಬಹುದು.

ಆಮೇಲೆ ಮೂರು ಪುಸ್ತಕ ಕೈಗೆ ಬರಬೇಕು: ಒಂದು ಖಂಡಿತ ಹಿಡಿಸುವಂಥದ್ದು, ಒಂದು ಅದರ ನೆಂಟ, ಒಂದು ಸ್ವಲ್ಪ ಹೊಸ ದಾರಿಯದು. ಒಂದೊಂದಕ್ಕೂ ಅರ್ಧ ನಿಮಿಷದ ಪರಿಚಯ, ಕೊನೆ ಬಿಟ್ಟುಕೊಡದೆ. ಹೇಳಿ ಮುಗಿಸಿ ಅಲ್ಲಿಂದ ಸರಿಯಬೇಕು. ಎದುರು ನಿಂತು ‘ಯಾವುದು ತಗೊಳ್ತೀಯ?’ ಎಂದು ಕಾದರೆ ಮಗು ಮರ್ಯಾದೆಗೆ ಒಂದನ್ನು ಎತ್ತಿಕೊಂಡು, ಓದದೆ ಹಿಂದಿರುಗಿಸುತ್ತದೆ. ಮೂರನ್ನೂ ಬೇಡ ಎನ್ನುವ ಹಕ್ಕೂ ಅದಕ್ಕಿರಬೇಕು. ಮಗು ಹತ್ತನೆಯ ಸಲ ಅದೇ ಪುಸ್ತಕ ಕೇಳಿದರೆ ಕೊಡಿ, ಜೊತೆಗೆ ಇನ್ನೊಂದನ್ನು ಸೇರಿಸಿ.

ಕಥೆಯೇ ಬೇಡವೆನ್ನುವ ಮಕ್ಕಳು ಬಹಳ ಇದ್ದಾರೆ. ಅವರಿಗೆ ಬೇಕಾದ ಮಾಹಿತಿ ಪುಸ್ತಕಗಳು ಕೈಗೆಟುಕದ ಮೇಲಿನ ಹಲಗೆಯಲ್ಲಿರುತ್ತವೆ. ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ಕ್ರಮ ಬಳಸುವ ಗ್ರಂಥಾಲಯವಾದರೆ ಕೆಲವು ಸಂಖ್ಯೆಗಳನ್ನು ಮಗುವಿಗೇ ಕಲಿಸಿಬಿಡಿ. 567.9 ಡೈನೊಸಾರ್, 523 ಗ್ರಹ ತಾರೆ, 629.4 ಬಾಹ್ಯಾಕಾಶ ಯಾನ, 398.2 ಜನಪದ ಕಥೆ, 741.5 ಕಾಮಿಕ್ಸ್, 793.8 ಜಾದೂ. ಸಂಖ್ಯೆ ಗೊತ್ತಿದ್ದರೆ ಎಂಟು ವರ್ಷದ ಮಗುವೂ ಯಾರನ್ನೂ ಕೇಳದೆ ತನ್ನ ಕಪಾಟಿಗೆ ಹೋಗುತ್ತದೆ. ಸಂಗ್ರಹ ಎಷ್ಟು ಹಳತು ಎಂದು ತಿಳಿಯಲು ಸೌರಮಂಡಲದ ಪುಸ್ತಕ ತೆರೆದು ನೋಡಿ. ಪ್ಲೂಟೊವನ್ನು ಒಂಬತ್ತನೆಯ ಗ್ರಹವೆಂದು ಎಣಿಸಿದ್ದರೆ ಅದು ಆಗಸ್ಟ್ 2006ಕ್ಕೂ ಹಿಂದಿನ ಮಾಹಿತಿ, ಇಷ್ಟು ಹೊತ್ತಿಗೆ ಕಪಾಟಿನಿಂದ ಇಳಿಯಬೇಕಿತ್ತು. ಹರಿದ, ಕೊಳೆಯಾದ, ಹಳತಾದ ಪುಸ್ತಕ ತೆಗೆಯದ ಕಪಾಟಿನಲ್ಲಿ ಒಳ್ಳೆಯದು ಕಣ್ಣಿಗೆ ಬೀಳುವುದಿಲ್ಲ. ಸರಣಿ ಪುಸ್ತಕಗಳ ಮೊದಲ ಸಂಪುಟ ಯಾವಾಗಲೂ ಹೊರಗಿರುತ್ತದೆ. ಒಂದನೆಯದರ ಎರಡು ಪ್ರತಿ ಕೊಳ್ಳುವ ಗ್ರಂಥಾಲಯಕ್ಕೆ ತನ್ನ ಮಕ್ಕಳು ಗೊತ್ತು.

ಎರವಲಿನ ಮಿತಿಯನ್ನು ಕೇಳಿ ತಿಳಿದುಕೊಳ್ಳಿ. ಚಿತ್ರಪುಸ್ತಕ ಹತ್ತು ನಿಮಿಷದಲ್ಲಿ ಮುಗಿಯುತ್ತದೆ, ಎರಡೇ ಪುಸ್ತಕ ಎಂಬ ನಿಯಮ ಪುಟ್ಟ ಮಕ್ಕಳಿರುವ ಮನೆಗೆ ಏನೇನೂ ಸಾಲದು, ಹತ್ತಾದರೂ ಕೊಡಬೇಕು. ತಡವಾದದ್ದಕ್ಕೆ ದಂಡ ಹಾಕುವುದು ಸಾಮಾಜಿಕ ಅಸಮಾನತೆಯ ಒಂದು ರೂಪ ಎಂದು ಅಮೆರಿಕದ ಗ್ರಂಥಾಲಯ ಸಂಘ 2019ರಲ್ಲಿ ನಿರ್ಣಯ ಮಾಡಿತು. ನಾವೂ ಒಪ್ಪುತ್ತೇವೆ. ದಂಡಕ್ಕೆ ಹೆದರುವ ಮನೆಯವರು ಪುಸ್ತಕವನ್ನೇ ತರುವುದಿಲ್ಲ. ಓದಲು ಕಷ್ಟಪಡುವ, ದೃಷ್ಟಿ ಮಂದವಾದ ಮಗುವಿಗೆ ಆಡಿಯೊ, ಬ್ರೈಲ್, ದೊಡ್ಡಕ್ಷರದ ಪ್ರತಿ ಇದೆಯೇ ಎಂದೂ ವಿಚಾರಿಸಿ. ಇ-ಪುಸ್ತಕಗಳಲ್ಲಿ ಹೆಚ್ಚಿನವು ಒಂದು ಪ್ರತಿಯನ್ನು ಒಮ್ಮೆಗೆ ಒಬ್ಬರಿಗೇ ಕೊಡುವ ಪರವಾನಗಿಯವು, ಅಲ್ಲೂ ಸರದಿ ಕಾಯಬೇಕಾಗುತ್ತದೆ.

ಪುಸ್ತಕ ಹಿಂದಿರುಗಿಸುವಾಗ ಪೆಟ್ಟಿಗೆಗೆ ಹಾಕಿ ಹೊರಟುಬಿಡಬೇಡಿ. ಓದಿ ಮುಗಿಯದ ಪುಸ್ತಕವಾದರೆ ಮಗು ಎಲ್ಲಿ ನಿಲ್ಲಿಸಿತು ಎಂದು ಲೈಬ್ರರಿಯನ್‌ಗೆ ಹೇಳಿ. ಮೊದಲ ಹತ್ತು ಪುಟದಲ್ಲೇ ನಿಂತರೆ ಸಾಮಾನ್ಯವಾಗಿ ಕಾರಣ ಸಣ್ಣಕ್ಷರ ಅಥವಾ ನಿಧಾನದ ಆರಂಭ. ಆ ಭಾಗವನ್ನು ಯಾರಾದರೂ ಓದಿ ಹೇಳಿದರೆ ಮುಂದೆ ಓಡಬಹುದು. ನಡುವೆ ನಿಂತರೆ ಪಾತ್ರಗಳು ಹೆಚ್ಚಾಗಿ ಯಾರು ಯಾರೆಂದು ಮರೆತಿರಬಹುದು, ಮುಂದಿನ ಸಲ ಅಧ್ಯಾಯಕ್ಕೊಂದು ಕಥೆ ಮುಗಿಯುವ ಪುಸ್ತಕ ಕೇಳಿ. ಕೊನೆಗೆ ಇಪ್ಪತ್ತು ಪುಟ ಇರುವಾಗ ಮುಚ್ಚಿಟ್ಟಿದ್ದರೆ ಬಹುಶಃ ಮೆಚ್ಚಿದ ಪಾತ್ರಕ್ಕೆ ಏನಾಗುತ್ತದೋ ಎಂಬ ಹೆದರಿಕೆ. ಅಂಥ ಮಗುವಿಗೆ ಕೊನೆ ಏನೆಂದು ಮೊದಲೇ ಹೇಳಿ ಅದೇ ಪುಸ್ತಕವನ್ನು ಇನ್ನೊಂದು ವಾರಕ್ಕೆ ನವೀಕರಿಸಿ ಕೊಡುವ ಲೈಬ್ರರಿಯನ್ ಸಿಕ್ಕರೆ, ಅವರು ಕೆಲಸದಲ್ಲಿರುವ ದಿನ ನೋಡಿಕೊಂಡೇ ಹೋಗಿ.